ಬೇಸಿಗೆಯ ಬಿಸಿಲನ್ನು ಚಳಿಗಾಲಕ್ಕೆ ಕೂಡಿಡಬಹುದೇ?

ಕೇಳಿದವರು, ಕೊಪ್ಪಳ: ನಮ್ಮ ಸಂಸ್ಥೆಯು 80 ವಿದ್ಯಾರ್ಥಿನಿಯರಿಗಾಗಿ ಹಾಸ್ಟೆಲ್ ಕಟ್ಟಿಸುತ್ತಿದ್ದು, ಸೌದೆ ಒಲೆಯನ್ನು ಕೈಬಿಡಬೇಕೆಂದಿದ್ದೇವೆ. ಹೊರದೇಶಗಳಲ್ಲಿ ಬೇಸಿಗೆಯ ಸೌರಶಾಖವನ್ನು ನೆಲದಲ್ಲಿ ತುಂಬಿಟ್ಟು ಚಳಿಗಾಲದಲ್ಲಿ ಬಳಸುತ್ತಾರಂತೆ. ಸ್ನಾನದ ನೀರಿಗೂ ಕೋಣೆಗಳಿಗೂ ನಾವು ಹಾಗೆ ಮಾಡಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ, ರಾಯಚೂರು: ಮೇಡಂ, ಕೆನಡಾದ ಓಕೋಟೋಕ್ಸ್ ಊರಿನ ಡ್ರೇಕ್ ಲ್ಯಾಂಡಿಂಗ್ ಬಡಾವಣೆಯಲ್ಲಿ 52 ಮನೆಗಳಿಗಾಗಿ 144 ಕೊಳವೆಗುಂಡಿಗಳನ್ನು ಸುಮಾರು 35 ಮೀಟರ್ ಆಳಕ್ಕೆ ಕೊರೆದು, ಬೇಸಿಗೆಯ ಶಾಖವನ್ನು ನೆಲಕ್ಕೆ ತುಂಬಿ, ಹಿಮಗಾಲದಲ್ಲಿ ಹಿಂಪಡೆಯುತ್ತಿದ್ದರು. ಅಲ್ಲಿ ಬಿಸಿಲಿಗೂ ಅಗತ್ಯಕ್ಕೂ ಆರು ತಿಂಗಳ ಅಂತರವಿದೆ. ನಮ್ಮಲ್ಲಿ ಜನವರಿಯಲ್ಲೂ ಹಗಲಿಡೀ ಬಿಸಿಲಿರುವುದರಿಂದ, ಸಂಜೆಯಿಂದ ಬೆಳಗಿನ ಐದು ಗಂಟೆಯವರೆಗೆ ಶಾಖವನ್ನು ಕಾದಿಟ್ಟರೆ ಸಾಕು; ಅದಕ್ಕೆ ಮಾಳಿಗೆಯ ಸೋಲಾರ್ ವಾಟರ್ ಹೀಟರಿನ ಟ್ಯಾಂಕೇ ಆಗುತ್ತದೆ. ಅಲ್ಲದೆ, ಶಾಖ ಸೋರುವುದು ಮೇಲ್ಮೈಯಿಂದ: ಘನಾಕಾರದ ಸಂಗ್ರಹದ ಪ್ರತಿ ಬದಿಯ ಉದ್ದವನ್ನು ಎರಡು ಪಟ್ಟು ಮಾಡಿದರೆ ಒಳಗಿನ ಗಾತ್ರ ಎಂಟು ಪಟ್ಟಾಗುತ್ತದೆ, ಮೇಲ್ಮೈ ನಾಲ್ಕೇ ಪಟ್ಟು. ಅಂದರೆ ಸಂಗ್ರಹ ಚಿಕ್ಕದಾದಷ್ಟೂ ಅದರ ಶಾಖದ ಹೆಚ್ಚಿನ ಪಾಲು ಸೋರಿಹೋಗುತ್ತದೆ. ಆದ್ದರಿಂದ ಬಡಾವಣೆಗೆ ಒಗ್ಗುವ ಉಪಾಯ ಒಂದು ಕಟ್ಟಡಕ್ಕೆ ಒಗ್ಗುವುದಿಲ್ಲ. ಕೋಣೆಗಳ ಶಾಖದ ಮಾತನ್ನಂತೂ ಬಿಟ್ಟುಬಿಡಿ. ಏಪ್ರಿಲ್‌ನಲ್ಲಿ ನೀವೇ ನಗುತ್ತೀರಿ.

ಸಾವಿರ ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ, ಅದರಲ್ಲಿ ಸುಮಾರು 40 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿರುತ್ತದೆ. ತಣ್ಣೀರು ಬೆರೆಸಿ 40 ಡಿಗ್ರಿಗೆ ಇಳಿಸಿದರೆ 20 ಲೀಟರಿನ ನೂರಕ್ಕೂ ಹೆಚ್ಚು ಬಕೆಟ್‌ಗಳಾಗುತ್ತವೆ. ನಮ್ಮ ಹಾಸ್ಟೆಲಿನಲ್ಲಿ ಇಷ್ಟಿದ್ದರೂ ಮೊದಲ ಚಳಿಗಾಲದಲ್ಲಿ ಹುಡುಗರು ಉಗುರು ಬೆಚ್ಚಗಿನ ನೀರಿನಲ್ಲಿಯೇ ಮಿಂದರು. ಟ್ಯಾಂಕಿಗೆ ಬರುವ ತಣ್ಣೀರು ರಭಸದಿಂದ ನುಗ್ಗಿ, ಮೇಲೆ ನಿಂತಿದ್ದ ಬಿಸಿನೀರನ್ನು ಕಲಕಿಬಿಡುತ್ತಿತ್ತು. ಪ್ಲಂಬರ್ ಒಳಬರುವ ಪೈಪಿನ ಬಾಯಿಗೆ ತೂತುಗಳುಳ್ಳ ಅಡ್ಡ ತುಂಡೊಂದನ್ನು ಜೋಡಿಸಿದ ಮೇಲೆ ಅದು ನಿಂತಿತು. ಮಾಳಿಗೆಯಿಂದ ಇಳಿಯುವ ಪೈಪಿಗೆ ಹೊದಿಕೆ ಸುತ್ತುವವರೆಗೂ ಪ್ರತಿ ನಲ್ಲಿಯಲ್ಲಿ ಮೊದಲ ಎರಡು ಬಕೆಟ್ ತಣ್ಣೀರೇ ಬರುತ್ತಿತ್ತು.

ಉತ್ತರ, ಬಳ್ಳಾರಿ: ಮೇಲಿನವರ ಮಾತು ಸರಿ, ಆದರೆ ಅವರು ನೀರಿನ ಗುಣವನ್ನು ಬಿಟ್ಟಿದ್ದಾರೆ. ನಮ್ಮ ಬೋರ್ ನೀರು ಗಡಸು. ಎರಡನೆಯ ವರ್ಷ, ಸೋಲಾರ್ ಹೀಟರಿನಲ್ಲಿ ನೀರು ಕಾಯುವ ಗಾಜಿನ ಟ್ಯೂಬೊಂದನ್ನು ಬಿಚ್ಚಿದಾಗ, ಅಡಿಯಲ್ಲಿ ಗೇಣುದ್ದ ಬಿಳಿಯ ಸುಣ್ಣ ಕಲ್ಲಿನಂತೆ ಕಟ್ಟಿಕೊಂಡಿತ್ತು. ಮಾರಿದ ಅಂಗಡಿಯವರು ಈ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ನೀರು ಹೆಚ್ಚು ಕಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಕಾಲುವೆಯ ನೀರು ಸಿಗುವುದಾದರೆ ಸೋಲಾರಿಗೆ ಅದನ್ನೇ ಕೊಡಿ; ಇಲ್ಲವಾದರೆ ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಹಾಕಿಸಿ. ನಿಮ್ಮ ಬೋರ್ ನೀರನ್ನು ಪರೀಕ್ಷೆಗೆ ಕೊಟ್ಟು, ವರದಿಯನ್ನು ಇಲ್ಲಿ ಹಾಕಿದರೆ ಮುಂದಿನದನ್ನು ಹೇಳುತ್ತೇನೆ.