ಗ್ರಾಮಸಭೆಗೆ ಜನ ಬರುವಂತೆ ಊರಿನ ಸುದ್ದಿ ಬರೆಯುವುದು ಹೇಗೆ? ಪಂಚಾಯಿತಿಯಲ್ಲಿ ಕೆಲಸ ಮಾಡಿದವರು ಹೇಳಿ

ಹೋಬಳಿ ಹುಡುಗ:

ನಮಸ್ಕಾರ. ಪದವಿ ಮುಗಿಸಿ ಊರಿನಲ್ಲೇ ಉಳಿದಿರುವ ನಾವು ಮೂವರು ಸ್ನೇಹಿತರು ನಮ್ಮ ಗ್ರಾಮ ಪಂಚಾಯಿತಿಯ ಹಳ್ಳಿಗಳಿಗೆಂದೇ ಒಂದು ಸುದ್ದಿಹಾಳೆ ತರಲು ಹೊರಟಿದ್ದೇವೆ. ವಾರಕ್ಕೊಮ್ಮೆ ಒಂದೇ ಪುಟ. ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತೇವೆ, ಕೆಲವು ಪ್ರತಿಗಳನ್ನು ಮುದ್ರಿಸಿ ಅಂಗಡಿಗಳಲ್ಲಿ ಅಂಟಿಸುತ್ತೇವೆ. ಪ್ರಯೋಗಕ್ಕೆಂದು ಒಂದು ಸಂಚಿಕೆ ಮಾಡಿ ನೋಡಿದಾಗ ಅದರಲ್ಲಿ ಇದ್ದದ್ದು ಜಾತ್ರೆ, ಸನ್ಮಾನ, ಭೂಮಿಪೂಜೆ, ಶ್ರದ್ಧಾಂಜಲಿ ಅಷ್ಟೇ.

ಕಳೆದ ಗ್ರಾಮಸಭೆಯಲ್ಲಿ ಕುಳಿತಿದ್ದವರಲ್ಲಿ ಹೆಚ್ಚಿನವರು ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಮತ್ತು ಇಲಾಖೆಗಳಿಂದ ಬಂದವರು. ಊರಿನವರು ಬೆರಳೆಣಿಕೆಯಷ್ಟು. ನಮ್ಮ ಹಾಳೆಯಿಂದ ಇದು ಸ್ವಲ್ಪವಾದರೂ ಬದಲಾಗಬೇಕೆಂಬ ಆಸೆ ಇದೆ. ಚುನಾಯಿತರಾಗಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಊರಿನ ಸುದ್ದಿಯಿಂದ ನಿಮಗೆ ನಿಜವಾಗಿ ಉಪಯೋಗವಾದದ್ದು ಯಾವಾಗ? ನಾವು ಏನನ್ನು ಬರೆಯಬೇಕು?

ಮಾಜಿ ಅಧ್ಯಕ್ಷೆ, ತುಮಕೂರು ಜಿಲ್ಲೆ:

2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ಮೊದಲ ಮೂವತ್ತು ತಿಂಗಳ ಅವಧಿಗೆ ಅಧ್ಯಕ್ಷೆಯಾಗಿದ್ದೆ. ಆಮೇಲೆ ಸದಸ್ಯೆಯಾಗಿ ಮುಂದುವರಿದೆ. ನಿಮ್ಮ ಪ್ರಶ್ನೆ ನೋಡಿ ಬಹಳ ಸಂತೋಷವಾಯಿತು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ತೀರ್ಮಾನ ಆಗುವ ಮೊದಲು ಬಂದ ಸುದ್ದಿಯಿಂದ ನನಗೆ ಉಪಯೋಗವಾಯಿತು. ಆಮೇಲೆ ಬಂದದ್ದರಿಂದ ಆಗಿದ್ದು ಬಹಳ ಕಡಿಮೆ. ಭೂಮಿಪೂಜೆಯ ಫೋಟೊ ಪತ್ರಿಕೆಯಲ್ಲಿ ಬರುವ ಹೊತ್ತಿಗೆ ಚರಂಡಿ ಯಾವ ಬೀದಿಗೆ, ಎಷ್ಟು ಉದ್ದಕ್ಕೆ, ಯಾವ ಅನುದಾನದಲ್ಲಿ ಎಂಬುದೆಲ್ಲ ಮುಗಿದ ಮಾತಾಗಿರುತ್ತದೆ. ಹಾರ ಹಾಕಿಕೊಂಡು ಗುದ್ದಲಿ ಹಿಡಿದವರ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಆ ಫೋಟೊ ನೋಡಿ ‘ನಮ್ಮ ಬೀದಿಗೆ ಯಾಕಿಲ್ಲ’ ಎಂದು ಕೇಳಿಕೊಂಡು ಬಂದವರಿಗೆ ಆ ವರ್ಷ ನಾನು ಏನೂ ಮಾಡಿಕೊಡಲು ಆಗುತ್ತಿರಲಿಲ್ಲ. ಅನುಮೋದನೆಯಾದ ಕ್ರಿಯಾ ಯೋಜನೆಯನ್ನು ತಿದ್ದಿಸುವುದು ಸುಲಭದ ಕೆಲಸವಲ್ಲ.

ಆದ್ದರಿಂದ ನಿಮ್ಮ ಹಾಳೆಗೆ ಮೊದಲು ಬೇಕಾದದ್ದು ಪಂಚಾಯಿತಿಯ ವರ್ಷ ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆ. ಅಕ್ಟೋಬರ್ 2ರಿಂದ ಮುಂದಿನ ವರ್ಷದ ಯೋಜನೆಗಾಗಿ ಜನಯೋಜನೆ ಅಭಿಯಾನ ಶುರುವಾಗುತ್ತದೆ. ವಾರ್ಡ್ ಸಭೆಯಲ್ಲಿ ಬೇಡಿಕೆಗಳನ್ನು ಬರೆದುಕೊಳ್ಳಬೇಕು, ಅವು ಗ್ರಾಮಸಭೆಗೆ ಬರಬೇಕು, ಅಲ್ಲಿ ಯಾವುದು ಮೊದಲು ಎಂದು ನಿರ್ಧಾರವಾಗಬೇಕು. ವಾರ್ಡ್ ಸಭೆಯ ದಿನಾಂಕವನ್ನೇ ಜನ ಕೇಳಿರುವುದಿಲ್ಲ. ಸೂಚನಾ ಫಲಕದಲ್ಲಿ ಅಂಟಿಸಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ನಮ್ಮ ಕಚೇರಿಯ ಫಲಕಕ್ಕೆ ಗಾಜಿನ ಬಾಗಿಲು, ಅದಕ್ಕೊಂದು ಬೀಗ, ಮೇಲೆ ಬಿಸಿಲು. ಒಳಗಿನ ಹಾಳೆಯ ಶಾಯಿ ಮಾಸಿ, ಕೊನೆಯ ಅಂಕಣದಲ್ಲಿದ್ದ ಮೊತ್ತವನ್ನು ಓದಲು ಆಗುತ್ತಲೇ ಇರಲಿಲ್ಲ. ಜನರಿಗೆ ಬೇಕಿದ್ದದ್ದು ಆ ಅಂಕಣವೇ.

ನಾವು ಹಾಳೆಯನ್ನು ಅಲ್ಲಿಂದ ತೆಗೆದು ಡೈರಿಗೆ ಒಯ್ದೆವು. ಬೆಳಿಗ್ಗೆ ಮತ್ತು ಸಂಜೆ ಊರಿನ ಅರ್ಧದಷ್ಟು ಮನೆಗಳವರು ಕ್ಯಾನು ಹಿಡಿದು ಸಾಲು ನಿಲ್ಲುವ ಜಾಗ ಅದು. ಫ್ಯಾಟ್ ಅಳೆಯುವ ಯಂತ್ರದ ಪಕ್ಕದ ಗೋಡೆಯಲ್ಲಿ, ನಿಂತವರ ಕಣ್ಣಿನ ಮಟ್ಟಕ್ಕೆ, ದಪ್ಪ ಅಕ್ಷರದಲ್ಲಿ ಒಂದೇ ಹಾಳೆ. ನಮ್ಮ ವಾರ್ಡ್ ಸಭೆ ಯಾವಾಗ, ಕಳೆದ ಸಲ ಕೇಳಿದ ಕೆಲಸಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ ಆಗಲಿಲ್ಲ. ಈ ‘ಯಾಕೆ ಆಗಲಿಲ್ಲ’ ಎಂಬ ಅಂಕಣವನ್ನು ಸೇರಿಸಬಾರದೆಂದು ಕೆಲವು ಸದಸ್ಯರು ಪಟ್ಟು ಹಿಡಿದಿದ್ದರು. ನಾನು ಬಿಡಲಿಲ್ಲ. ಅದನ್ನು ಓದಿದ ಮೇಲೆಯೇ ಹೆಂಗಸರು ಸಭೆಗೆ ಬರತೊಡಗಿದರು. ಬಂದವರು ಸುಮ್ಮನೆ ಕೂರಲಿಲ್ಲ. ನೀರುಗಂಟಿ ಯಾವ ಬೀದಿಗೆ ಎಷ್ಟು ಹೊತ್ತು ವಾಲ್ವ್ ತಿರುಗಿಸುತ್ತಾನೆ ಎಂಬುದನ್ನು ಗಂಟೆ ಸಮೇತ ಹೇಳಿದರು. ನಮ್ಮ ಕಡತದಲ್ಲಿ ಇಲ್ಲದ ಮಾಹಿತಿ ಅದು.

ಇನ್ನು ಹಣದ ವಿಷಯ. ಇದನ್ನು ಯಾವ ಪತ್ರಿಕೆಯೂ ಬಿಡಿಸಿ ಬರೆದದ್ದನ್ನು ನಾನು ನೋಡಿಲ್ಲ. 2021-22ರಿಂದ 2025-26ರವರೆಗೆ ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ ನೂರು ರೂಪಾಯಿ ಬಂದರೆ ಅದರಲ್ಲಿ ಅರವತ್ತು ಷರತ್ತಿನ ಹಣವಾಗಿತ್ತು: ಮೂವತ್ತು ಕುಡಿಯುವ ನೀರಿಗೆ, ಮೂವತ್ತು ನೈರ್ಮಲ್ಯಕ್ಕೆ. ಉಳಿದ ನಲವತ್ತನ್ನು ಊರಿನ ಅಗತ್ಯ ನೋಡಿ ಬಳಸಬಹುದಿತ್ತು, ಆದರೆ ಸಂಬಳಕ್ಕೆ ಕೊಡುವಂತಿರಲಿಲ್ಲ. ಗ್ರಾಮಸಭೆಯಲ್ಲಿ ಎಲ್ಲರೂ ಸಿ.ಸಿ. ರಸ್ತೆ ಕೇಳುತ್ತಾರೆ, ಸದಸ್ಯ ತಲೆಯಾಡಿಸುತ್ತಾನೆ, ಆಮೇಲೆ ಆಗುವುದಿಲ್ಲ, ‘ತಿಂದರು’ ಎಂಬ ಮಾತು ಹುಟ್ಟುತ್ತದೆ. ತಿನ್ನುವವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಯಾವ ಹಣ ಯಾವುದಕ್ಕೆ ಎಂದು ಗೊತ್ತಿದ್ದವರಿಗೆ ಮಾತ್ರ ತಿಂದದ್ದು ಯಾವುದು, ಬಾರದೇ ಇದ್ದದ್ದು ಯಾವುದು ಎಂದು ತಿಳಿಯುತ್ತದೆ. ನೀವು ಇದನ್ನು ಒಮ್ಮೆ ಬರೆದರೆ ಸಾಲದು, ಪ್ರತಿ ವರ್ಷ ಬರೆಯಬೇಕು.

ನಮ್ಮಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಶುದ್ಧ ನೀರಿನ ಘಟಕ ಕೆಟ್ಟು ನಿಂತಿತ್ತು. ನಮ್ಮ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ, ಆದ್ದರಿಂದ ಆ ಘಟಕ ನಿಂತರೆ ಅದು ಸಣ್ಣ ವಿಷಯವಲ್ಲ. ಒಂದು ಪತ್ರಿಕೆಯಲ್ಲಿ ತುಕ್ಕು ಹಿಡಿದ ನಲ್ಲಿಯ ಫೋಟೊ ಸಮೇತ ಸುದ್ದಿ ಬಂತು, ‘ಕೇಳುವವರಿಲ್ಲ’ ಎಂದು. ಸುದ್ದಿ ನಿಜವೇ. ಆದರೆ ದುರಸ್ತಿಯ ಗುತ್ತಿಗೆ ನಮ್ಮ ಕೈಯಲ್ಲಿ ಇರಲಿಲ್ಲ, ಕಡತ ತಾಲ್ಲೂಕಿನ ಒಂದು ಕಚೇರಿಯಲ್ಲಿ ಮಲಗಿತ್ತು. ಜನ ಬಂದು ನನ್ನ ಮೇಜು ಗುದ್ದಿದರು. ನಾನು ಆ ವರದಿಗಾರನನ್ನು ಕರೆಸಿ, ನಾವು ಬರೆದ ಪತ್ರಗಳ ಸ್ವೀಕೃತಿ ಮುದ್ರೆಗಳನ್ನು ತೋರಿಸಿ, ಕಡತ ಎಲ್ಲಿದೆ, ಯಾರ ಸಹಿ ಬಾಕಿ ಎಂಬುದನ್ನು ಬರೆಯಿರಿ ಎಂದೆ. ಆತ ಬರೆದ. ಎರಡನೆಯ ಸುದ್ದಿ ಮೊದಲನೆಯದಕ್ಕಿಂತ ಚಿಕ್ಕದಾಗಿತ್ತು, ಫೋಟೊ ಇರಲಿಲ್ಲ. ಘಟಕ ದುರಸ್ತಿಯಾದದ್ದು ಅದು ಬಂದ ಮೇಲೆ.

ತೆರಿಗೆ ಕಟ್ಟುವವನು:

ಮೇಡಂ, ನಿಮ್ಮಂಥವರು ಎಷ್ಟು ಜನ ಸಿಗುತ್ತಾರೆ? ನಮ್ಮ ಪಂಚಾಯಿತಿಯಲ್ಲಿ ಬೀದಿದೀಪದ ಖರ್ಚಿನ ವಿವರ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಅದೇ ಸಂಜೆ ಸದಸ್ಯರೊಬ್ಬರು ಮನೆಗೆ ಬಂದು, ನಿಮ್ಮ ಇ-ಸ್ವತ್ತು (ಆಸ್ತಿ ದಾಖಲೆ) ಅರ್ಜಿ ನಮ್ಮಲ್ಲೇ ಇದೆ ಅಲ್ಲವೇ ಎಂದು ನೆನಪಿಸಿ ಹೋದರು. ಈ ಹುಡುಗರು ಹಾಳೆ ತಂದರೆ ಇವರಿಗೂ ಅದೇ ಆಗುತ್ತದೆ. ಚುನಾಯಿತರಿಗೆ ಬೇಕಾದದ್ದು ಹೊಗಳಿಕೆ, ಸುದ್ದಿ ಅಲ್ಲ. ಊರಿನವರು ಸಭೆಗೆ ಬರದಿರುವುದು ಸೋಮಾರಿತನದಿಂದಲ್ಲ, ಬಂದು ಕೇಳಿದರೆ ನಾಳೆ ಕೆಲಸಕ್ಕೆ ಅಡ್ಡಗಾಲು ಬೀಳುತ್ತದೆ ಎಂಬ ಭಯದಿಂದ.

ಮಾಜಿ ಅಧ್ಯಕ್ಷೆ, ತುಮಕೂರು ಜಿಲ್ಲೆ:

ನಿಮಗೆ ಆದದ್ದು ಅನ್ಯಾಯ. ಅಂಥ ಸದಸ್ಯರು ಇದ್ದಾರೆ, ನನಗೂ ಅವರ ಪಕ್ಕ ಕುಳಿತು ಸಭೆ ನಡೆಸಿ ಗೊತ್ತು. ಭಯದ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಒಬ್ಬ ಸದಸ್ಯನಿಗೆ ಸುಮಾರು ನಾನೂರು ಜನಸಂಖ್ಯೆ. ಯಾರು ಯಾರಿಗೆ ಮತ ಹಾಕಿದರು ಎಂಬುದನ್ನು ಮನೆ ಲೆಕ್ಕದಲ್ಲಿ ಊಹಿಸುವಷ್ಟು ಹತ್ತಿರದ ರಾಜಕೀಯ ಇದು. ದೂರು ಕೊಟ್ಟವನ ಮುಖವನ್ನು ಮಾರನೆಯ ದಿನ ನ್ಯಾಯಬೆಲೆ ಅಂಗಡಿಯಲ್ಲಿ ನೋಡಲೇಬೇಕು.

ಅದಕ್ಕಾಗಿಯೇ ಒಬ್ಬರ ಹೆಸರಿನಲ್ಲಿ ಕೇಳುವ ಪ್ರಶ್ನೆಯನ್ನು ಹಾಳೆಯೊಂದು ಎಲ್ಲರ ಪರವಾಗಿ ಕೇಳಬೇಕು ಎನ್ನುತ್ತೇನೆ. ಅರ್ಜಿ ಹಾಕುವ ಮೊದಲೇ ಸಿಗುವ ಮಾಹಿತಿ ಸಾಕಷ್ಟಿದೆ. ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ನಿಮ್ಮ ಪಂಚಾಯಿತಿಯ ಅನುಮೋದಿತ ಯೋಜನೆ ಮತ್ತು ಪಾವತಿಯ ವಿವರ ಇದೆ. ರಾಜ್ಯದ ‘ಮಾಹಿತಿ ಕಣಜ’ದಲ್ಲೂ ಹುಡುಕಬಹುದು. ಇವನ್ನು ನೋಡಲು ಯಾರ ಅನುಮತಿಯೂ ಬೇಕಿಲ್ಲ, ಯಾರು ನೋಡಿದರು ಎಂದು ಸದಸ್ಯನಿಗೆ ತಿಳಿಯುವುದೂ ಇಲ್ಲ. ಮಾಹಿತಿ ಹಕ್ಕು ಕಾಯಿದೆಯ 4ನೇ ಸೆಕ್ಷನ್ ಪ್ರಕಾರ ಕಚೇರಿಯೇ ಮುಂದಾಗಿ ಪ್ರಕಟಿಸಬೇಕಾದದ್ದು ಬಹಳ ಇದೆ.

ಇನ್ನೊಂದು, ಜಮಾಬಂದಿ. ಪ್ರತಿ ವರ್ಷ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಹಿಂದಿನ ವರ್ಷದ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ಜನರ ಎದುರಿಗೆ ಪರಿಶೀಲಿಸುವ ದಿನ ಅದು. ನಿಮ್ಮ ಬೀದಿದೀಪದ ಪ್ರಶ್ನೆಗೆ ಸರಿಯಾದ ಜಾಗ ಅದೇ. ನೀವು ಒಬ್ಬರೇ ಹೋಗಬೇಡಿ, ಬೀದಿಯ ನಾಲ್ಕು ಮನೆಯವರನ್ನು ಕರೆದುಕೊಂಡು ಹೋಗಿ.

ತಾಲ್ಲೂಕು ವರದಿಗಾರ:

ನಮ್ಮ ಕಡೆಯ ಮಾತನ್ನೂ ಹೇಳುತ್ತೇನೆ. ತಾಲ್ಲೂಕು ಮಟ್ಟದಲ್ಲಿ ಬರೆಯುವ ನನ್ನಂಥ ಬಹುತೇಕರಿಗೆ ನಿಗದಿತ ಸಂಬಳ ಇಲ್ಲ. ಜನವರಿ 26, ಆಗಸ್ಟ್ 15, ನವೆಂಬರ್ 1 ಬಂತೆಂದರೆ ಶುಭಾಶಯದ ಜಾಹೀರಾತು ತರಬೇಕು. ಜಾಹೀರಾತು ಕೊಡುವವರು ಯಾರು? ಪಂಚಾಯಿತಿಗಳು, ಗುತ್ತಿಗೆದಾರರು, ಸ್ಥಳೀಯ ಮುಖಂಡರು. ಅವರ ಬಗ್ಗೆಯೇ ಮರುದಿನ ಬರೆಯಬೇಕು. ಒಬ್ಬರಿಗೆ ಒಂದು ತಾಲ್ಲೂಕು ಪೂರ್ತಿ. ಎಲ್ಲ ಪಂಚಾಯಿತಿಗಳ ಸಭೆಯಲ್ಲಿ ಕೂರುವುದು ಕನಸಿನ ಮಾತು, ಆದ್ದರಿಂದ ಗಲಾಟೆಯಾದ ಕಡೆಗೆ ಓಡುತ್ತೇವೆ.

ಆದರೂ ಹಳ್ಳಿ ಹಳ್ಳಿಯ ಸುದ್ದಿಯನ್ನು ನಂಬಿ ನಿಂತ ಪತ್ರಿಕೆಗಳು ನಮ್ಮ ರಾಜ್ಯದಲ್ಲಿವೆ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕಡೆ ‘ಸುದ್ದಿ ಬಿಡುಗಡೆ’ಯನ್ನು ನೋಡಿ. ಗ್ರಾಮಸಭೆಯಲ್ಲಿ ಯಾರು ಏನು ಕೇಳಿದರು, ಯಾವ ಅಧಿಕಾರಿ ಗೈರುಹಾಜರಾದರು ಎಂಬುದೂ ಅಲ್ಲಿ ಸುದ್ದಿ. ಹೋಬಳಿ ಹುಡುಗರೇ, ನೀವು ಮೊದಲ ದಿನದಿಂದಲೇ ಒಂದು ನಿಯಮ ಇಟ್ಟುಕೊಳ್ಳಿ: ಪಂಚಾಯಿತಿಯಿಂದಲೂ ಸದಸ್ಯರಿಂದಲೂ ಜಾಹೀರಾತು ಬೇಡ. ಮುದ್ರಣದ ಖರ್ಚಿಗೆ ಅಂಗಡಿಯವರಿಂದ ಚಂದಾ ಪಡೆಯಿರಿ. ಮತ್ತೆ, ಯಾರ ಮೇಲಾದರೂ ಆರೋಪ ಬರೆಯುವಾಗ ಅವರ ಉತ್ತರವನ್ನು ಅದೇ ಸಂಚಿಕೆಯಲ್ಲಿ ಹಾಕಿ, ಮುಂದಿನದಕ್ಕೆ ಬಿಡಬೇಡಿ.

ಕೋಲಾರದಿಂದ:

ನಮ್ಮ ಬೂದಿಕೋಟೆಯ ‘ನಮ್ಮ ಧ್ವನಿ’ ಸಮುದಾಯ ಬಾನುಲಿಯನ್ನು ನೆನಪಿಸಲು ಬಂದೆ. 2000ದ ದಶಕದ ಆರಂಭದಲ್ಲಿ ಅದು ಶುರುವಾದಾಗ ಸಮುದಾಯಗಳಿಗೆ ಸ್ವಂತ ಬಾನುಲಿ ನಡೆಸಲು ಪರವಾನಗಿ ಸಿಗುತ್ತಿರಲಿಲ್ಲ, ಆದ್ದರಿಂದ ಟಿ.ವಿ. ಕೇಬಲ್ ಮೂಲಕ ಧ್ವನಿಯನ್ನು ಮನೆಗಳಿಗೆ ತಲುಪಿಸಿದರು. ಸ್ವಸಹಾಯ ಸಂಘದ ಮಹಿಳೆಯರು ಅದರಲ್ಲಿದ್ದರು. 2006ರ ನೀತಿಯ ನಂತರ ಸ್ವಯಂಸೇವಾ ಸಂಸ್ಥೆಗಳಿಗೂ ಪರವಾನಗಿ ಸಿಗತೊಡಗಿತು, ಆದರೆ ಸಮುದಾಯ ಬಾನುಲಿಯಲ್ಲಿ ತಮ್ಮದೇ ಸುದ್ದಿ ಪ್ರಸಾರ ಮಾಡಲು ಅವಕಾಶ ಇಲ್ಲ. ಓದಲು ಬಾರದ ಹಿರಿಯರು ನಿಮ್ಮ ಊರಿನಲ್ಲೂ ಇರುತ್ತಾರೆ. ಹಾಳೆಯ ಜೊತೆಗೆ ಅದನ್ನೇ ಓದಿ ಹೇಳುವ ಮೂರು ನಿಮಿಷದ ಧ್ವನಿಮುದ್ರಣವನ್ನೂ ಕಳುಹಿಸಿ.

ಹೋಬಳಿ ಹುಡುಗ:

ಎಲ್ಲರಿಗೂ ಧನ್ಯವಾದ. ಧ್ವನಿಮುದ್ರಣದ ಸಲಹೆಯನ್ನು ಈ ವಾರವೇ ಶುರು ಮಾಡುತ್ತೇವೆ, ಜಾಹೀರಾತಿನ ನಿಯಮವನ್ನೂ ಒಪ್ಪಿದೆವು. ಒಂದು ತೊಡಕು ಉಳಿದಿದೆ. ನಮ್ಮ ಪಂಚಾಯಿತಿಗೆ ಅಧ್ಯಕ್ಷೆ ಇದ್ದಾರೆ, ಆದರೆ ಪ್ರತಿಕ್ರಿಯೆ ಕೇಳಲು ಯಾರನ್ನು ಸಂಪರ್ಕಿಸಬೇಕು ಎಂದರೆ ಎಲ್ಲರೂ ಅವರ ಪತಿಯ ಮೊಬೈಲ್ ಸಂಖ್ಯೆ ಕೊಡುತ್ತಾರೆ. ಏನು ಮಾಡುವುದು?

ಮಾಜಿ ಅಧ್ಯಕ್ಷೆ, ತುಮಕೂರು ಜಿಲ್ಲೆ:

ಆ ಸಂಖ್ಯೆಗೆ ಕರೆ ಮಾಡಬೇಡಿ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಪತ್ರಿಕೆಯವರೇ ಪತಿಯ ಹೇಳಿಕೆ ಹಾಕಿದರೆ ಊರಿನವರು ಅವರನ್ನೇ ಅಧ್ಯಕ್ಷರೆಂದು ತಿಳಿಯುತ್ತಾರೆ, ಆಮೇಲೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೂಡ ಕಡತವನ್ನು ಅವರಿಗೇ ತೋರಿಸುತ್ತಾರೆ. ನನ್ನ ಮೊದಲ ವರ್ಷದಲ್ಲಿ ವರದಿಗಾರರು ನನ್ನ ಮನೆಯವರಿಗೆ ಕರೆ ಮಾಡುತ್ತಿದ್ದರು. ಅವರು ಪ್ರತಿ ಸಲವೂ ‘ಅಧ್ಯಕ್ಷರು ನಾನಲ್ಲ’ ಎಂದು ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟರು. ಎಲ್ಲ ಮನೆಗಳಲ್ಲಿ ಹಾಗೆ ಆಗುವುದಿಲ್ಲ.

ಕಚೇರಿ ಸಮಯದಲ್ಲಿ ಹೋಗಿ ಅಧ್ಯಕ್ಷೆಯ ಎದುರಿಗೇ ಕುಳಿತು ಕೇಳಿ. ಪಕ್ಕದಲ್ಲಿ ಬೇರೆ ಯಾರಾದರೂ ಉತ್ತರ ಕೊಟ್ಟರೆ ಬರೆದುಕೊಳ್ಳುವುದನ್ನು ನಿಲ್ಲಿಸಿ, ಪ್ರಶ್ನೆಯನ್ನು ಮತ್ತೆ ಅವರಿಗೇ ಕೇಳಿ. ಮೊದಲ ಭೇಟಿಗೆ ಕಷ್ಟದ ಪ್ರಶ್ನೆ ಬೇಡ. ನೀರಿನ ಟ್ಯಾಂಕ್ ತೊಳೆದ ದಿನಾಂಕ, ಕಸದ ಗಾಡಿ ಯಾವ ಬೀದಿಗೆ ಯಾವ ದಿನ ಬರುತ್ತದೆ, ಮುಂದಿನ ವಾರ್ಡ್ ಸಭೆ ಯಾವಾಗ, ಇಂಥವನ್ನು ಕೇಳಿ ಅವರ ಹೆಸರಿನಲ್ಲಿ ಪ್ರಕಟಿಸಿ. ಅವರಿಗೂ ಧೈರ್ಯ ಬರುತ್ತದೆ. ಹಾಗೆಯೇ ಮಕ್ಕಳ ಗ್ರಾಮಸಭೆಯನ್ನು ತಪ್ಪಿಸಬೇಡಿ. ನಮ್ಮಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ಶಾಲೆಯ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು ಎಂದಳು. ದೊಡ್ಡವರ ಯಾವ ಸಭೆಯಲ್ಲೂ ಆ ಮಾತು ಬಂದಿರಲಿಲ್ಲ. ಅಂಥ ಪ್ರಶ್ನೆಗಳನ್ನು ಮಕ್ಕಳ ಹೆಸರು ಹಾಕದೆ ಒಂದೊಂದಾಗಿ ಬರೆಯಿರಿ, ಎರಡು ತಿಂಗಳು ಬಿಟ್ಟು ಅದೇ ಶಾಲೆಗೆ ಹೋಗಿ ಬಾಗಿಲು ತೆರೆದು ನೋಡಿ, ಕಂಡದ್ದನ್ನು ಪ್ರಕಟಿಸಿ.