ರೆಟ್ರೊ ರಾತ್ರಿಯಲ್ಲಿ ಕನ್ನಡದ ಹಳೆಯ ಹಾಡಿಗೆ ಕುಣಿಯಲು ಬರುವುದಿಲ್ಲವೇ?

ಹಳೇ ಕ್ಯಾಸೆಟ್ಟು: ದಾವಣಗೆರೆಯ ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳತಿ ಕಳೆದ ಶನಿವಾರ ಬೆಂಗಳೂರಿಗೆ ಬಂದಿದ್ದಳು. ಇಬ್ಬರಿಗೂ ಐವತ್ತು ದಾಟಿದೆ. ಇಂದಿರಾನಗರದ ಒಂದು ಪಬ್ಬಿನಲ್ಲಿ ‘ರೆಟ್ರೊ ನೈಟ್’ ಇದೆಯೆಂದು ತಿಳಿದು, ಮಂಡಿಗೆ ಮುಲಾಮು ಹಚ್ಚಿಕೊಂಡೇ ಹೋದೆವು. ಎಪ್ಪತ್ತು, ಎಂಬತ್ತರ ದಶಕಗಳ ಇಂಗ್ಲಿಷ್ ಡಿಸ್ಕೊ ಮತ್ತು ಹಿಂದಿ ಹಾಡುಗಳಿಗೆ ಮೂರು ಗಂಟೆ ಕುಣಿದೆವು; ನಾಜಿಯಾ ಹಸನ್ ಹಾಡಿದ 1980ರ ‘ಕುರ್ಬಾನಿ’ಯ ಹಾಡು ಬರುವಷ್ಟರಲ್ಲಿ ಗೆಳತಿ ಚಪ್ಪಲಿಯನ್ನು ಮೂಲೆಗೆ ಬಿಟ್ಟಾಗಿತ್ತು. ನನ್ನ ತಕರಾರು ಒಂದೇ. ಕನ್ನಡದ್ದು ಎಂದು ಬಂದದ್ದು ‘ಗೀತಾ’ ಚಿತ್ರದ ‘ಸಂತೋಷಕ್ಕೆ’ ಮಾತ್ರ, ಅದೂ ದೀಪ ಹಾಕಿ ಜನ ಬಿಲ್ಲು ಕೇಳುತ್ತಿದ್ದ ಹೊತ್ತಿನಲ್ಲಿ. ಕಾರಣ ಕೇಳಿದರೆ, “ಹಳೆಯ ಕನ್ನಡ ಹಾಡಿಗೆ ಯಾರೂ ಕುಣಿಯುವುದಿಲ್ಲ ಮೇಡಂ” ಎಂದು ಡಿಜೆ ಹೇಳಿದರು. ಈ ಮಾತು ನಿಜವೇ?

ತಾಳಮೇಳ: ಹನ್ನೆರಡು ವರ್ಷಗಳಿಂದ ಮದುವೆಗಳಲ್ಲಿಯೂ ಪಾರ್ಟಿಗಳಲ್ಲಿಯೂ ಹಾಡು ಹಾಕುತ್ತಿರುವ ನಾನು ಆ ಹುಡುಗನ ಪರವಾಗಿ ಸ್ವಲ್ಪ ಮಾತನಾಡಬೇಕಾಗಿದೆ. ಡಿಸ್ಕೊದಲ್ಲಿ ನಾಲ್ಕು ಎಣಿಕೆಗೂ ದೊಡ್ಡ ಡ್ರಮ್ಮಿನ ಪೆಟ್ಟು ಸಮನಾಗಿ ಬೀಳುತ್ತದೆ. ಬೀ ಜೀಸ್ ತಂಡದ 1977ರ ‘ಸ್ಟೇಯಿಂಗ್ ಅಲೈವ್’ ಹಾಡಿನಲ್ಲಂತೂ ಡ್ರಮ್ಮಿನ ಒಂದು ತುಣುಕನ್ನೇ ಟೇಪಿನಲ್ಲಿ ಸುತ್ತುಹಾಕಿಸಿದ್ದಾರಾದ್ದರಿಂದ ಅದರ ವೇಗ ಕೂದಲೆಳೆಯಷ್ಟೂ ಅಲುಗುವುದಿಲ್ಲ, ಮುಂದಿನ ಹಾಡನ್ನು ಅದಕ್ಕೆ ಬೆಸೆಯುವುದು ಸುಲಭ. ನಮ್ಮ ಹಳೆಯ ಚಿತ್ರಗೀತೆಗಳಾದರೋ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ವಾದ್ಯವೃಂದವೂ ಗಾಯಕರೂ ಒಟ್ಟಿಗೆ ಕುಳಿತು ಧ್ವನಿಮುದ್ರಿಸಿದಂಥವು. ಹಾಡು ಉಸಿರಾಡುತ್ತದೆ, ಚರಣದಲ್ಲಿ ತುಸು ನಿಧಾನವಾಗಿ ಪಲ್ಲವಿಗೆ ಬರುವಾಗ ಚುರುಕಾಗುತ್ತದೆ. ಕೇಳುವವರಿಗೆ ಅದೇ ಸೊಗಸು, ಬೆಸೆಯುವವನಿಗೆ ಅದೇ ತಲೆನೋವು. ಜೊತೆಗೆ ಪಿಟೀಲುಗಳ ಉದ್ದನೆಯ ಆರಂಭ ಸಂಗೀತ ಬೇರೆ. ಅಷ್ಟರಲ್ಲಿ ಅರ್ಧ ಜನ ಟೇಬಲ್ಲಿಗೆ ಮರಳಿರುತ್ತಾರೆ.

ಕೊಡಗಿನ ಕಾಫಿ: ಹಳೇ ಕ್ಯಾಸೆಟ್ಟು ಅವರು ಚಪ್ಪಲಿ ಬಿಟ್ಟು ಕುಣಿದ ಹಾಡಿನ ಬಗ್ಗೆ ಒಂದು ಮಾತು. ಅದನ್ನು ಸಂಯೋಜಿಸಿದ ಬಿದ್ದು ಅಪ್ಪಯ್ಯ ಹುಟ್ಟಿದ್ದು ಬೆಂಗಳೂರಿನಲ್ಲಿ, ಮನೆತನ ಕೊಡವರದು. ಇಲ್ಲಿ ಬ್ಯಾಂಡ್ ಕಟ್ಟಿ ನುಡಿಸಿ, ಅರವತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ, 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ನಿರ್ಮಿಸಿದವರು ಅವರೇ. ಹಾಗಾಗಿ ಅಂದು ರಾತ್ರಿ ಊರಿನವರ ಸಂಗೀತ ಇರಲೇ ಇಲ್ಲ ಎನ್ನುವಂತಿಲ್ಲ, ಊರಿನ ಭಾಷೆ ಇರಲಿಲ್ಲ ಅಷ್ಟೆ.

ಸುಮ್ಮನೆ ಓದುಗ: ತಂತ್ರದ ನೆಪ ನನಗೆ ಒಪ್ಪಿಗೆಯಾಗುವುದಿಲ್ಲ, ಆದರೆ ಡಿಜೆಯ ತೀರ್ಮಾನ ಒಪ್ಪಿಗೆಯಾಗುತ್ತದೆ. ರೆಟ್ರೊ ರಾತ್ರಿಗೆ ಹಣ ಕೊಟ್ಟು ಬರುವವರು ಹಾಡಿಗಿಂತ ಹೆಚ್ಚಾಗಿ ತಮ್ಮ ಹರೆಯಕ್ಕಾಗಿ ಬರುತ್ತಾರೆ, ಮತ್ತು ಇಂದಿರಾನಗರದ ಪಬ್ಬಿಗೆ ಬರುವ ಅನೇಕರ ಹರೆಯ ಬೇರೆ ರಾಜ್ಯಗಳಲ್ಲಿ ಕಳೆದಿದೆ. ನಮ್ಮವರ ಹರೆಯದಲ್ಲಿ ಕನ್ನಡ ಹಾಡು ಆಕಾಶವಾಣಿಯ ಕೋರಿಕೆ ಕಾರ್ಯಕ್ರಮದಲ್ಲಿ ಕುಳಿತು ಕೇಳುವ ವಸ್ತುವಾಗಿತ್ತು. ಕುಣಿದ ನೆನಪೇ ಇಲ್ಲದ ಹಾಡಿಗೆ ಕಾಲು ಏಳುವುದಾದರೂ ಹೇಗೆ?

ಹಳೇ ಕ್ಯಾಸೆಟ್ಟು: ಸುಮ್ಮನೆ ಓದುಗ ಅವರೇ, ‘ನಮ್ಮವರು’ ಎಂದರೆ ಯಾರು? ನಾವು ಕುಣಿದಿದ್ದೇವೆ. ಹಾಸ್ಟೆಲ್ಲಿನ ಕೋಣೆಯ ಅಗುಳಿ ಹಾಕಿ, ವಾರ್ಡನ್ನಿಗೆ ಕೇಳಿಸದಷ್ಟು ಸಣ್ಣಗೆ ಟೇಪ್‌ರೆಕಾರ್ಡರ್ ಹಚ್ಚಿ, ‘ಪ್ರೇಮಲೋಕ’ದ ಕ್ಯಾಸೆಟ್ಟಿನ ಎರಡೂ ಬದಿಗಳಿಗೆ ಆರು ಜನ ಹುಡುಗಿಯರು ಕುಣಿದಿದ್ದೇವೆ. ರೀಲು ಸಿಕ್ಕಿಕೊಂಡಾಗ ಪೆನ್ಸಿಲ್ಲು ತುರುಕಿ ಸುತ್ತುತ್ತಿದ್ದವಳು ಇದೇ ಗೆಳತಿ. ಹೊರಗೆ ಯಾರೂ ನೋಡಲಿಲ್ಲವೆಂದ ಮಾತ್ರಕ್ಕೆ ಆ ನೆನಪು ಇಲ್ಲವಾಗುವುದಿಲ್ಲ. ಅಂದು ಅಗುಳಿ ಹಾಕಿ ಮಾಡಿದ್ದನ್ನು ಒಮ್ಮೆಯಾದರೂ ನಾಲ್ಕು ಜನರ ನಡುವೆ ಮಾಡೋಣವೆಂದೇ ನಾವು ಹೋದದ್ದು.

ತಿಶ್ರ ನಡೆ: ತಾಳಮೇಳ ಅವರು ನಾಲ್ಕರ ಎಣಿಕೆಯನ್ನೇ ಕುಣಿತದ ಅಳತೆಗೋಲು ಮಾಡಿಕೊಂಡಿದ್ದಾರೆ. ತಿಶ್ರದ, ಅಂದರೆ ಮೂರರ ನಡೆಯ ಹಾಡುಗಳು ನಮ್ಮಲ್ಲಿ ಹೇರಳವಾಗಿವೆ. ಗಣೇಶನ ಮೆರವಣಿಗೆಯಲ್ಲಿ ತಮಟೆಯವರು ಆ ನಡೆಗೆ ಹೊರಳಿದ ಕೂಡಲೇ, ಜೀವನದಲ್ಲಿ ಪಬ್ಬು ಕಾಣದ ನನ್ನ ಚಿಕ್ಕಪ್ಪನ ಭುಜಗಳು ಕೂಡ ಕುಣಿಯುತ್ತವೆ. ಕಾಲಿಗೆ ಗೊತ್ತಿದೆ, ಕೈಯಲ್ಲಿ ಗ್ಲಾಸು ಹಿಡಿದಾಗ ಮಾತ್ರ ನಾವು ಅದನ್ನು ಮರೆಯುತ್ತೇವೆ. (ನಾನು ಗ್ಲಾಸಿನ ವಿರೋಧಿಯಲ್ಲ.)

ತೊಂಬತ್ತೊಂಬತ್ತರ ಮಾಡೆಲ್: ನನಗೆ ಇಪ್ಪತ್ತಾರು. 1987ರ ‘ಪ್ರೇಮಲೋಕ’ ನನಗಿಂತ ಹನ್ನೆರಡು ವರ್ಷ ಹಿರಿಯದು, ಆದರೂ ನಮ್ಮ ಬಳಗದ ಯಾವ ಮದುವೆಯ ಹಿಂದಿನ ರಾತ್ರಿಯೂ ಹಂಸಲೇಖ ಅವರಿಲ್ಲದೆ ಮುಗಿಯುವುದಿಲ್ಲ. ಜಿ. ಕೆ. ವೆಂಕಟೇಶ್ ಸಂಗೀತದಲ್ಲಿ ಡಾ. ರಾಜ್‌ಕುಮಾರ್ ಹಾಡಿದ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದ ಇಂಗ್ಲಿಷ್ ಸಾಲುಗಳ ಹಾಡು ಇಂಟರ್‌ನೆಟ್ಟಿನಿಂದಾಗಿ ಕನ್ನಡ ಬಾರದ ನನ್ನ ಸಹೋದ್ಯೋಗಿಗಳಿಗೂ ಗೊತ್ತು. 1978ರ ಆ ಹಾಡನ್ನು ಮೊದಮೊದಲು ಅವರು ನಗುವುದಕ್ಕೆಂದು ಹಾಕಿದರು. ಈಗ ಹಾಗೆ ಹಾಕುವುದಿಲ್ಲ.

ತಾಳಮೇಳ: ಮದುವೆಯ ವಿಷಯ ಬೇರೆ. ಅಲ್ಲಿ ಹಾಡು ನಿಂತು ಇನ್ನೊಂದು ಶುರುವಾಗುವಾಗ ಜನ ಸೀಟಿ ಹೊಡೆಯುತ್ತಾ ಕಾಯುತ್ತಾರೆ. ಪಬ್ಬಿನಲ್ಲಿ ಹತ್ತು ಸೆಕೆಂಡಿನ ಮೌನವಾದರೂ ಮಾಲೀಕ ತಿರುಗಿ ನೋಡುತ್ತಾನೆ. ತಿಶ್ರದ ಮಾತು ಸರಿಯಾದರೂ, ನಾಲ್ಕರ ನಡೆಯಿಂದ ಮೂರಕ್ಕೆ ಹೊರಳಿಸುವಾಗ ಎಷ್ಟೋ ಸಲ ಅಂಗಳ ಖಾಲಿಯಾದದ್ದನ್ನು ಕಂಡಿದ್ದೇನೆ. ಆದರೆ ಆರಂಭ ಸಂಗೀತವನ್ನು ಕತ್ತರಿಸಿ ನೇರವಾಗಿ ಪಲ್ಲವಿಗೇ ಇಳಿದರೆ ‘ಸಂತೋಷಕ್ಕೆ’ಯಂಥ ಹಾಡನ್ನು ರಾತ್ರಿ ಹತ್ತಕ್ಕೇ ಹಾಕಬಹುದು, ಇದನ್ನು ಒಪ್ಪುತ್ತೇನೆ. ಒಂದು ಪ್ರಶ್ನೆ: ಆ ಕೊನೆಯ ಹಾಡಿಗೆ ಎಷ್ಟು ಜನ ಕುಣಿದರು? ಅದನ್ನು ನೀವು ಬರೆಯಲಿಲ್ಲ.

ಹಳೇ ಕ್ಯಾಸೆಟ್ಟು: ಐದು ಜನ. ನಾವಿಬ್ಬರು, ಟ್ರೇಗಳನ್ನು ಮೇಜಿನ ಮೇಲಿಟ್ಟು ಬಂದ ಇಬ್ಬರು ವೇಟರುಗಳು, ಅಡುಗೆಮನೆಯ ಬಾಗಿಲಲ್ಲಿ ಏಪ್ರನ್ ಬಿಚ್ಚದೆ ನಿಂತಲ್ಲೇ ಕುಣಿದ ಒಬ್ಬ ಹುಡುಗ. ನಮ್ಮಂಥ ಗಿರಾಕಿಗಳು ಎಂದು ಲೆಕ್ಕ ಹಾಕಿದರೆ ಇಬ್ಬರೇ, ನಿಮ್ಮ ಡಿಜೆಯ ಮಾತಿಗೆ ಬಲ ಬರುತ್ತದೆ. ಆದರೆ ಸಂಜೆಯಿಡೀ ಆ ಮೂವರು ನಮ್ಮ ನಡುವೆಯೇ ಓಡಾಡುತ್ತಿದ್ದರು.

ಸುಮ್ಮನೆ ಓದುಗ: ವೇಟರುಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೂ ಬಿಲ್ಲು ಕಟ್ಟುವವರು ಅವರಲ್ಲವಲ್ಲ.

ಹಳೇ ಕ್ಯಾಸೆಟ್ಟು: ಅಂದಿನ ಬಿಲ್ಲನ್ನು ಗೆಳತಿ ಕಟ್ಟಿದಳು. ಮುಂದಿನ ಸಲ ನನ್ನ ಸರದಿ, ಹತ್ತು ಗಂಟೆಗೇ ಕೇಳುತ್ತೇನೆ.