ಸಿಲೋನ್‌ನಲ್ಲಿ (ಈಗಿನ ಶ್ರೀಲಂಕಾ) 1931ರಲ್ಲೇ ಎಲ್ಲರಿಗೂ ಓಟು ಬಂದದ್ದು ಹೇಗೆ?

ಪ್ರಶ್ನೆ:
ನಿನ್ನೆ ಭಾವನ ಜೊತೆ ವಾದಕ್ಕಿಳಿದು ಸೋತೆ. ಬ್ರಿಟಿಷರು ತಮ್ಮ ಕೈಕೆಳಗಿನ ಏಷ್ಯಾದ ದೇಶಗಳಲ್ಲಿ ಬಡವರಿಗೆ ಓಟು ಕೊಟ್ಟೇ ಇರಲಿಲ್ಲ ಅಂದೆ. ಸಿಲೋನ್‌ನಲ್ಲಿ 1931ರಲ್ಲೇ 21 ತುಂಬಿದ ಗಂಡಸರು, ಹೆಂಗಸರು ಎಲ್ಲರಿಗೂ ಕೊಟ್ಟಿದ್ದರು ಅಂದ. ಹುಡುಕಿದರೆ ನಿಜವೇ! ಬ್ರಿಟನ್‌ನಲ್ಲೇ ಹೆಂಗಸರಿಗೆ 21ಕ್ಕೆ ಓಟು ಬಂದದ್ದು 1928ರಲ್ಲಿ. ನಮ್ಮಲ್ಲಿ 1935ರ ಕಾಯಿದೆ ಬಂದಮೇಲೂ ಆಸ್ತಿ ಇದೆಯಾ, ಓದಿದ್ದೀಯಾ ಅಂತ ಕೇಳುತ್ತಿದ್ದರು. ಸಿಲೋನ್‌ಗೆ ಮಾತ್ರ ಯಾಕೆ ಈ ಧಾರಾಳ?

ಉತ್ತರ 1:
ಡೊನೊಮೋರ್ ಆಯೋಗದಿಂದ. ಸಿಲೋನ್‌ನ ಆಡಳಿತ ಹೇಗಿರಬೇಕು ಅಂತ ನೋಡಲು ಬ್ರಿಟಿಷ್ ಸರ್ಕಾರ ಕಳಿಸಿದ ತಂಡ ಅದು; ಎಲ್ಲರಿಗೂ ಓಟು ಕೊಡಿ ಅಂದದ್ದು ಅದೇ. 1927ರ ಕೊನೆಯಲ್ಲಿ ನಾಲ್ವರು ಬಂದರು. ಆಗ ಓಟು ಇದ್ದದ್ದು ಜನಸಂಖ್ಯೆಯ ಸುಮಾರು ಶೇ. 4 ಮಂದಿಗೆ. ತಮಾಷೆ ಅಂದ್ರೆ, ಅಲ್ಲಿನ ದೊಡ್ಡ ನಾಯಕರಲ್ಲಿ ಹೆಚ್ಚಿನವರು ಎಲ್ಲರಿಗೂ ಓಟು ಕೇಳಿರಲೇ ಇಲ್ಲ. ಪೊನ್ನಂಬಲಂ ರಾಮನಾಥನ್ ಅಂತೂ ಬೇಡವೇ ಬೇಡ ಅಂದರು. ಹೆಂಗಸರ ಸಂಘ ಕೂಡ ಓದಿದವರಿಗಷ್ಟೇ ಸಾಕು ಅಂತ ಹೋಗಿತ್ತು. ಭಾರತದಿಂದ ತೋಟದ ಕೆಲಸಕ್ಕೆ ಬಂದ ತಮಿಳು ಹೆಂಗಸರಿಗೂ ಬೇಕಾ ಅಂತ ಆಯೋಗ ಕೇಳಿದಾಗ ಆ ಸಂಘದ ಆಗ್ನೆಸ್ ಡಿ ಸಿಲ್ವಾ, ಖಂಡಿತ ಬೇಕು, ಅವರೂ ಹೆಂಗಸರೇ ಅಲ್ವಾ ಅಂದರಂತೆ. ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಮಾತು ಅದೇ.

ಓದಲು ಬಾರದವರು ಹೇಗೆ ಓಟು ಹಾಕಿದರು ಅಂತೀರಾ? ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಪೆಟ್ಟಿಗೆ. ಬೇಕಾದ ಬಣ್ಣದ ಪೆಟ್ಟಿಗೆಗೆ ಚೀಟಿ ಹಾಕಿ ಬಂದರಾಯ್ತು.

ಉತ್ತರ 2:
'ಎಲ್ಲರಿಗೂ' ಅನ್ನುವಲ್ಲಿ ನನ್ನದೊಂದು ತಕರಾರಿದೆ. ನಮ್ಮದು ಸಿಲೋನ್‌ನ ಹಟ್ಟನ್ ಕಡೆಯ ಟೀ ತೋಟದ ತಮಿಳು ಕುಟುಂಬ. ಇವರು ಇಲ್ಲಿಯವರಲ್ಲ ಅಂತ ಸಿಂಹಳ ನಾಯಕರು ಗಲಾಟೆ ಮಾಡಿದ್ದಕ್ಕೆ, 1931ರಲ್ಲೇ ತೋಟದವರಿಗೆ ಖಾಯಂ ನೆಲೆಸಿದ ಪುರಾವೆ ಕೊಡುವ ಷರತ್ತು ಹಾಕಿದರು. ಆದರೂ 1947ರಲ್ಲಿ ನಮ್ಮ ಅಜ್ಜಿ ಓಟು ಹಾಕಿದ್ದರು. ಆ ಸಲ ತೋಟದವರ ಪಕ್ಷದಿಂದ ಕೆಲವರು ಗೆದ್ದೂ ಬಂದರು. ಮುಂದಿನ ವರ್ಷವೇ ಪೌರತ್ವ ಕಾಯಿದೆ ಬಂತು. ನಿಮ್ಮ ಅಪ್ಪ ಇಲ್ಲೇ ಹುಟ್ಟಿದ್ದಕ್ಕೆ ದಾಖಲೆ ತನ್ನಿ ಅಂದರು. ಲೈನ್ ಮನೆಯಲ್ಲಿ (ತೋಟದ ಕೂಲಿಗಳ ಸಾಲು ಮನೆ) ಹುಟ್ಟಿದವರಿಗೆ ಎಲ್ಲಿಯ ದಾಖಲೆ? 1952ರ ಪಟ್ಟಿಯಲ್ಲಿ ಅಜ್ಜಿಯ ಹೆಸರೇ ಇಲ್ಲ.

ತೋಟದವರಲ್ಲಿ ಒಂದು ಪಾಲನ್ನು ಭಾರತಕ್ಕೆ ಕಳಿಸಲು ಎರಡೂ ದೇಶಗಳ ಪ್ರಧಾನಿಗಳು ಮಾಡಿಕೊಂಡ 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಲೆಕ್ಕದಲ್ಲಿ ನಮ್ಮವರು ಸುಳ್ಯದ ರಬ್ಬರ್ ತೋಟಕ್ಕೆ ಬಂದರು. ಅಜ್ಜಿ ಮತ್ತೆ ಓಟು ಹಾಕಿದ್ದು ಅಲ್ಲಿ, 1977ರಲ್ಲಿ.

ಪ್ರಶ್ನೆ ಕೇಳಿದವರು:
ಭಾವನಿಗೆ ಈ ಕೊನೆಯ ಭಾಗ ಗೊತ್ತಿರಲಿಕ್ಕಿಲ್ಲ. ಸಂಜೆ ಫೋನ್ ಮಾಡ್ತೀನಿ.